ಮುರಿದ ಮುಖವನ್ನು ಮುಟ್ಟಬೇಡಿ

ಮುರಿದ ಕಬ್ಬಿಣ ಹಿಡಿದು ನಮ್ಮ ಲ್ಯಾಬಿಗೆ ಬಂದವರು ಯಾರೇ ಇರಲಿ, ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ. ಎರಡು ತುಂಡನ್ನೂ ಎರಡು ಕೈಯಲ್ಲಿ ಹಿಡಿದು, ಒಂದಕ್ಕೊಂದು ಜೋಡಿಸಿ, ಹಿಂಗಿತ್ತು ನೋಡ್ರಿ ಮೇಡಂ ಅಂತ ತೋರಿಸುವುದು. ಬೋರ್‌ವೆಲ್ ಗಾಡಿಯವರು ಹಾಗೇ, ಕೊಬ್ಬರಿ ಮಿಲ್ಲಿನವರು ಹಾಗೇ, ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ಬೋಲ್ಟು ತಂದ ಇಂಜಿನಿಯರುಗಳೂ ಹಾಗೇ. ನಾನು ಕುರ್ಚಿಯಿಂದ ಎದ್ದು ಬೇಡ ಬೇಡ ಅನ್ನುವಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತಿತ್ತು.

ಈ ವೃತ್ತಿಗೆ ಹೊಸದಾಗಿ ಬರುತ್ತಿರುವ ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿರುತ್ತಾರೆ. ಕಬ್ಬಿಣ ಮುರಿದ ಜಾಗಕ್ಕೆ ನಾವು ಮುಖ ಅನ್ನುತ್ತೇವೆ. ಆ ಮುಖದ ಮೇಲೆ ಕಂಡೂ ಕಾಣದಂಥ ಗೆರೆಗಳಿರುತ್ತವೆ. ಬೇಸಿಗೆಯಲ್ಲಿ ಕೆರೆ ನೀರು ಇಳಿಯುತ್ತ ಹೋದ ಹಾಗೆ ದಂಡೆಯ ಮೇಲೆ ಗೆರೆ ಉಳಿಯುತ್ತವಲ್ಲ, ಹೆಚ್ಚೂಕಡಿಮೆ ಹಾಗೆ. ಬಿರುಕು ಎಲ್ಲಿ ಹುಟ್ಟಿತು, ಯಾವ ಕಡೆ ನಡೆಯಿತು, ನಿಧಾನಕ್ಕೆ ಹೋಯಿತೋ ಒಂದೇ ಏಟಿಗೆ ಹೋಯಿತೋ, ಎಲ್ಲ ಅಲ್ಲೇ ಇರುತ್ತದೆ. ಎರಡು ಮುಖಗಳನ್ನು ಜೋಡಿಸಿ ಒತ್ತಿದಿರೋ, ಗೆರೆಗಳು ಉಜ್ಜಿಹೋದವು ಅಂತಲೇ ಲೆಕ್ಕ. ಆಮೇಲೆ ಎಂಥ ಮೈಕ್ರೋಸ್ಕೋಪು ತಂದರೂ ಅಷ್ಟೇ.

ನಾನು ಹುಟ್ಟಿದ್ದು ಹೊಳಲ್ಕೆರೆಯಲ್ಲಿ. ಅಪ್ಪನದು ಸೈಕಲ್ ಶಾಪು. ಬಾಲ್ಸು, ಕಡ್ಡಿ, ಚೈನುಗಳ ನಡುವೆ ಬೆಳೆದವಳು ಲೋಹಶಾಸ್ತ್ರ ಓದುತ್ತೇನೆ ಅಂದಾಗ ಅಪ್ಪನಿಗೇನೂ ಆಶ್ಚರ್ಯ ಆಗಲಿಲ್ಲ. ಆದದ್ದೆಲ್ಲ ನಮ್ಮ ಸೋದರತ್ತೆಗೆ. ಲೋಹ ಅಂದರೆ ಅವಳಿಗೆ ಚಿನ್ನ. ನಾನು ಡಿಗ್ರಿ ಮುಗಿಸಿ ಬಂದಾಗಿನಿಂದ ಯಾವ ಮದುವೆಗೆ ಹೋದರೂ ಹೆಂಗಸರು ನನ್ನನ್ನು ಮೂಲೆಗೆ ಕರೆದು, ಸೆರಗಿನ ಮರೆಯಲ್ಲಿ ಸರ ತೋರಿಸಿ, ಇದು ಅಸಲಿನಾ ನೋಡೇ ಗಿರಿಜಾ ಅನ್ನುವುದು ತಪ್ಪಲಿಲ್ಲ. ನಾನು ಕಬ್ಬಿಣದವಳು ಕಣ್ರೇ ಅಂದರೆ ಯಾರೂ ನಂಬುತ್ತಿರಲಿಲ್ಲ. ಹೇಳುವುದಕ್ಕೆ ಇಷ್ಟ ಇಲ್ಲ, ಅದಕ್ಕೇ ಹಿಂಗಂತಾಳೆ ಅಂದುಕೊಳ್ಳುತ್ತಿದ್ದರು. ಕೊನೆಕೊನೆಗೆ ನಾನೂ ಸಾಕಾಗಿ, ಎಲ್ಲ ಸರವನ್ನೂ ಒಮ್ಮೆ ಬೆಳಕಿಗೆ ಹಿಡಿದು, ಚೆನ್ನಾಗಿದೆ ಅಂತ ಹೇಳಿ ಊಟಕ್ಕೆ ಹೋಗಿಬಿಡುತ್ತಿದ್ದೆ.

ಕೆಲಸ ಸಿಕ್ಕಿದ್ದು ಚಿತ್ರದುರ್ಗದ ಹೊರಗೆ, ಒಂದು ಫೌಂಡ್ರಿಯ ಮಗ್ಗುಲಲ್ಲಿದ್ದ ಸಣ್ಣ ಪರೀಕ್ಷಾ ಲ್ಯಾಬಿನಲ್ಲಿ. ಅದನ್ನು ಕಟ್ಟಿದವರು ಶ್ರೀಕಂಠಯ್ಯನವರು. ಅವರೇ ಮಾಲೀಕರು, ಅವರೇ ನನ್ನ ಮೇಲಧಿಕಾರಿ. ಅವರ ಹತ್ತಿರ ಒಂದು ಜೊತೆ ದಪ್ಪ ಅಟ್ಟೆಯ ಚಪ್ಪಲಿ ಇತ್ತು. ಹಿಂದೆ ಲಾಳ ಹೊಡೆಸಿದ್ದರು. ಕಾರಿಡಾರಿನಲ್ಲಿ ಆ ಟಕಟಕ ಸದ್ದು ಶುರುವಾದರೆ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದೆವು. ಬೈಗುಳಕ್ಕೆ ಬರವಿಲ್ಲದ ಮನುಷ್ಯ. ಆದರೆ ಕೈ ಹಿಡಿದು ಕಲಿಸುತ್ತಿದ್ದರು. ಅವರ ಕಾನೂನು ಎರಡು. ಮುರಿದ ಮುಖವನ್ನು ಮುಟ್ಟಬೇಡಿ, ಜೋಡಿಸಲೇಬೇಡಿ. ಇನ್ನೊಂದು, ಕಬ್ಬಿಣ ಹೇಳಿದ್ದನ್ನು ಮಾತ್ರ ಬರೆಯಿರಿ, ಮನುಷ್ಯರ ಬಗ್ಗೆ ಒಂದಕ್ಷರ ಬೇಡ.

ಒಂದು ದಿನ ಅವರ ಕನ್ನಡಕ ಕೆಳಗೆ ಬಿದ್ದು ಚೌಕಟ್ಟು ನಡುವೆ ಮುರಿಯಿತು. ನಾವು ನೋಡುತ್ತಲೇ ಇದ್ದೆವು. ಎರಡು ತುಂಡನ್ನೂ ಎತ್ತಿಕೊಂಡವರು, ಮೆಲ್ಲಗೆ ಒಂದಕ್ಕೊಂದು ಜೋಡಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು. ಯಾರೋ ಕಿಸಕ್ಕೆಂದರು. ಅವರು ತಲೆ ಎತ್ತಿ ನಮ್ಮನ್ನೆಲ್ಲ ನೋಡಿ, ತಾವೂ ನಕ್ಕು, ಮುರಿದದ್ದನ್ನು ಕಂಡರೆ ಕೈ ತಾನಾಗಿ ಹೋಗುತ್ತದೆ ಮಾರಾಯರೇ ಅಂದರು. ಬರುವ ಜನರ ಮೇಲೆ ಅವರು ಕೂಗಾಡುವುದು ಅವತ್ತಿನಿಂದ ಸ್ವಲ್ಪ ಕಡಿಮೆಯಾಯಿತು. ನನಗೂ ಅವರ ಮೇಲಿದ್ದ ಭಯ ಹೋಗಿ ಪ್ರೀತಿ ಬಂದದ್ದು ಅವತ್ತೇ.

ನಾನು ಸೇರಿದ ಹೊಸದರಲ್ಲಿ ಕಬ್ಬಿಣದ ಜಾತಿ ತಿಳಿಯಲು ಅದನ್ನು ಸಾಣೆಚಕ್ರಕ್ಕೆ ಕೊಡುತ್ತಿದ್ದೆವು. ಕಿಡಿ ಉದ್ದಕ್ಕೆ ಹಾರಿದರೆ ಮೆದು ಕಬ್ಬಿಣ, ನಕ್ಷತ್ರದ ಹಾಗೆ ಒಡೆದರೆ ಗಡಸು ಉಕ್ಕು. ಕತ್ತಲೆ ಮಾಡಿಕೊಂಡು ಕಿಡಿ ನೋಡುವುದು ನನಗೆ ದೀಪಾವಳಿಯಷ್ಟೇ ಇಷ್ಟ. ಆಮೇಲೆ ಮೆಷೀನು ಬಂತು. ತುಂಡು ಇಟ್ಟರೆ ಸಾಕು, ಕಾಫಿ ಆರುವುದರೊಳಗೆ ಇಂಗಾಲ ಎಷ್ಟು, ಗಂಧಕ ಎಷ್ಟು, ಎಲ್ಲ ಕಾಗದದ ಮೇಲೆ ಬರುತ್ತದೆ. ಒಳ್ಳೆಯದೇ. ಬೇಡ ಅನ್ನುವಷ್ಟು ಮೂರ್ಖಳಲ್ಲ ನಾನು. ಆದರೆ ಒಂದು ನೆನಪಿಡಿ. ಕಬ್ಬಿಣದೊಳಗೆ ಏನೇನು ಇದೆ ಅಂತ ಮೆಷೀನು ಹೇಳುತ್ತದೆ. ಅದಕ್ಕೆ ಏನಾಯಿತು ಅಂತ ತಿಳಿಯಬೇಕಾದರೆ ನೀವೇ ಕೂತು ಮುಖ ನೋಡಬೇಕು. ಅದಕ್ಕೆ ತಾಳ್ಮೆ ಬೇಕು. ತಂದವರ ಮಾತನ್ನೂ ಕಿವಿಗೊಟ್ಟು ಕೇಳಬೇಕು. ಇದು ನನಗೆ ಪೂರ್ತಿ ಅರ್ಥವಾದದ್ದು ತಿಪ್ಪೇಶನ ಲಾರಿ ವಿಷಯದಲ್ಲಿ.

ಆ ಹೊತ್ತಿಗೆ ನನ್ನ ತಲೆ ಅರ್ಧ ನೆರೆತಿತ್ತು. ಒಬ್ಬ ವಕೀಲರು ಕೋರ್ಟಿನ ಅಪ್ಪಣೆ ತೆಗೆದುಕೊಂಡು, ಪೊಲೀಸ್ ಸ್ಟೇಷನ್ನಿನಿಂದ ಸೀಲು ಹಾಕಿದ ಚೀಲವೊಂದನ್ನು ಕಳಿಸಿದರು. ಒಳಗಿದ್ದದ್ದು ಲಾರಿಯ ಸ್ಟೇರಿಂಗ್ ಆರ್ಮಿನ ಅರ್ಧ ತುಂಡು. ಸ್ಟೇರಿಂಗು ತಿರುಗಿಸಿದರೆ ಮುಂದಿನ ಗಾಲಿ ತಿರುಗುವುದು ಈ ಕಬ್ಬಿಣದ ತೋಳಿನಿಂದ. ಲಾರಿ ಸ್ಟೇಷನ್ ಬಯಲಿನಲ್ಲಿ ಒಂದು ಮಳೆಗಾಲ ಪೂರ್ತಿ ನೆನೆದಿತ್ತು. ಮುರಿದ ಮುಖ ಕೆಂಪಗೆ ತುಕ್ಕು ತಿಂದು ಬೆಲ್ಲದ ಪುಡಿಯ ಹಾಗೆ ಉದುರುತ್ತಿತ್ತು. ನಾನು ನೋಡಿ ನೋಡಿ ಕೈಚೆಲ್ಲಿದೆ.

ವಕೀಲರು ಫೋನಿನಲ್ಲಿ ಕಥೆ ಹೇಳಿದರು. ತಿಪ್ಪೇಶ ಅಂತ ಡ್ರೈವರು, ಹೊಸದುರ್ಗ ತಾಲ್ಲೂಕು ಮತ್ತೋಡಿನ ಕಡೆಯವನು. ಹಿರಿಯೂರಿನಲ್ಲಿ ತೆಂಗಿನಕಾಯಿ ಇಳಿಸಿ, ಹೋಟೆಲಿನಲ್ಲಿ ಮುದ್ದೆ ಉಂಡು, ಖಾಲಿ ಲಾರಿ ಹಿಡಿದು ವಾಪಸ್ ಹೊರಟಿದ್ದ. ಮಟಮಟ ಮಧ್ಯಾಹ್ನ. ಬಬ್ಬೂರಿನ ಆಸುಪಾಸಿನಲ್ಲಿ ಲಾರಿ ಎಡಕ್ಕೆ ವಾಲಿ, ರಸ್ತೆ ಪಕ್ಕ ಹೋಗುತ್ತಿದ್ದ ಕುರಿ ಹಿಂಡಿಗೆ ನುಗ್ಗಿ, ಮೋರಿಯ ಕಲ್ಲುಕಟ್ಟೆಗೆ ಗುದ್ದಿ ನಿಂತಿತು. ಒಂದಷ್ಟು ಕುರಿ ಅಲ್ಲೇ ಸತ್ತವು. ಕುರಿ ಕಾಯುತ್ತಿದ್ದ ಮುದುಕನ ಕಾಲು ಮುರಿಯಿತು. ಮುದ್ದೆ ಉಂಡು ತೂಕಡಿಸಿದ, ಕಲ್ಲಿಗೆ ಗುದ್ದಿದ್ದಕ್ಕೆ ಆರ್ಮು ಮುರಿಯಿತು ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ನಾವು ಹೇಳಬೇಕಾಗಿದ್ದದ್ದು ಇಷ್ಟೇ. ಆರ್ಮು ಗುದ್ದಿದ ಮೇಲೆ ಮುರಿಯಿತೋ, ಅದು ಮುರಿದಿದ್ದಕ್ಕೇ ಲಾರಿ ಗುದ್ದಿತೋ?

ಇನ್ನರ್ಧ ಎಲ್ಲಿ ಅಂತ ಕೇಳಿದೆ. ಅದು ರಸ್ತೆಯಲ್ಲೇ ಕಳಚಿ ಬಿದ್ದಿತ್ತಂತೆ. ಪೊಲೀಸರು ಬೇಡ ಅಂದರಂತೆ. ತಿಪ್ಪೇಶ ಎತ್ತಿಕೊಂಡು ಮನೆಗೆ ಒಯ್ದಿದ್ದ.

ನಾಲ್ಕಾರು ದಿನ ಬಿಟ್ಟು ಅವನೂ ಅವನ ತಾಯಿ ಕರಿಯಮ್ಮನೂ ಬಂದರು. ಅವನು ಎತ್ತರದ ಆಳು, ಆದರೆ ಬಾಗಿಹೋಗಿದ್ದ. ಕಣ್ಣು ಕೆಂಡದ ಹಾಗಿತ್ತು. ಕುಂತ್ಕಳ್ರಿ ಅಂದರೂ ಕೂರಲಿಲ್ಲ. ಗೋಡೆಗೂ ಒರಗದೆ ಬಾಗಿಲ ಹತ್ತಿರ ನಿಂತೇ ಇದ್ದ. ಕರಿಯಮ್ಮ ಕಂಕುಳಿಂದ ಒಂದು ಕರಿ ಕಂಬಳಿಯ ಗಂಟು ತೆಗೆದು ನನ್ನ ಮೇಜಿನ ಮೇಲಿಟ್ಟು, ಕಣ್ಣಿಗೊತ್ತಿಕೊಂಡು ಬಿಚ್ಚಿದಳು. ಒಳಗೆ ಆರ್ಮಿನ ಇನ್ನರ್ಧ. ಮೈಯೆಲ್ಲ ಹರಳೆಣ್ಣೆ, ಅದರ ಮೇಲೆ ಅರಿಶಿನ. ಸರಿಯಾಗಿ ಮುರಿದ ಮುಖದ ಮೇಲೇ ಕಾಸಿನಗಲ ಕುಂಕುಮ.

ನನಗೆ ಸಿಟ್ಟು ನೆತ್ತಿಗೇರಿತು. ಇದನ್ನು ತೊಳೆದವರು ಯಾರು, ನಿಮ್ಮ ಮಗನ ಹಣೆಬರಹ ಇದರ ಮೇಲಿತ್ತಲ್ಲ, ಎಲ್ಲಾ ಒರೆಸಿ ಹಾಕಿದಿರಲ್ಲ ಅಂತ ರೇಗಿಬಿಟ್ಟೆ. ಆ ಹೆಂಗಸು ಹೆದರಲಿಲ್ಲ.

"ನಾನೇ ತೊಳದಿದ್ದು ಕಣವ್ವ. ಕುರಿ ರಕ್ತ ಕಂಡ ಕಬ್ಬಿಣ. ನಾವು ಕುರಿ ಸಾಕಿ ಬದುಕಿದೋರು. ಹಂಗೇ ಹೊರಗೆ ಬಿಸಾಕಾಕೆ ಆಗ್ತೈತಾ?" ಅಂದಳು.

ಅದು ಅವರ ಮನೆಯ ಪದ್ಧತಿ. ಕುರಿ ಅಂದರೆ ಮನೆಯ ಲಕ್ಷ್ಮಿ. ಅಚಾನಕ್ಕಾಗಿ ಕುರಿಯ ಜೀವ ತೆಗೆದ ಕಬ್ಬಿಣವನ್ನು ಗುಜರಿಗೆ ಹಾಕುವಂತಿಲ್ಲ, ಬಯಲಲ್ಲಿ ಬಿಡುವಂತಿಲ್ಲ. ಅರಿಶಿನದ ನೀರಲ್ಲಿ ತೊಳೆದು, ದೇವರ ಮುಂದೆ ಕಂಬಳಿ ಹಾಸಿ, ಅದರ ಮೇಲಿಟ್ಟು, ಸೋಮವಾರ ಸೋಮವಾರ ಎಣ್ಣೆ ಹಚ್ಚಿ ತಪ್ಪಾಯಿತು ಅಂತ ಕೇಳಿಕೊಳ್ಳಬೇಕು. ಕರಿಯಮ್ಮ ಒಂದು ಸೋಮವಾರವೂ ತಪ್ಪಿಸಿರಲಿಲ್ಲ. ಕೇಳುತ್ತ ಕೇಳುತ್ತ ನನ್ನ ಸಿಟ್ಟು ಇಳಿಯಿತು.

ಆಗ ತಿಪ್ಪೇಶ ಬಾಗಿಲ ಹತ್ತಿರದಿಂದಲೇ ಮಾತಾಡಿದ. ಕೇಸು ಗೆಲ್ಲಲಿ ಸೋಲಲಿ, ಅವನಿಗೆ ಬೇಕಾಗಿದ್ದದ್ದು ಅದಲ್ಲ. ಊರಲ್ಲಿ ಅವನನ್ನು ಕುರಿ ತಿಂದವನು ಅನ್ನುತ್ತಿದ್ದರು. ಆ ಹಿಂಡು ಅವರ ಬಳಗದವರದೇ. ಅದನ್ನೂ ತಡೆದುಕೊಂಡಿದ್ದ.

"ನಾನು ನಿದ್ದೆ ಹೋಗಿದ್ನಾ ಇಲ್ವಾ, ಅಷ್ಟು ಹೇಳ್ರಿ ಮೇಡಂ. ನನಗೇ ಗೊತ್ತಿಲ್ಲ" ಅಂದ.

ನೆನಪಿರುವುದನ್ನೆಲ್ಲ ಹೇಳು ಅಂದೆ. ಅವನಿಗೆ ನೆನಪಿದ್ದದ್ದು ಒಂದೇ. ದೂರದಲ್ಲಿ ಕುರಿಗಳು ಕಂಡವು, ಬಲಕ್ಕೆ ತಿರುಗಿಸಿದ, ಸ್ಟೇರಿಂಗು ಬುಗುರಿಯ ಹಾಗೆ ಸುಮ್ಮನೆ ಗಿರಗಿರ ತಿರುಗಿತು. ಕೈಗೆ ಭಾರವೇ ಇರಲಿಲ್ಲ. ಸ್ಟೇರಿಂಗು ಎಲ್ಲಾದರೂ ಹಾಗೆ ತಿರುಗುತ್ತದೆಯೇ, ಅದು ಕನಸೇ ಇರಬೇಕು, ಕನಸು ಬಿತ್ತು ಅಂದರೆ ಮಲಗಿದ್ದೆ ಅಂತ ತಾನೇ ಅರ್ಥ ಅನ್ನುವುದು ಅವನ ವಾದ. ಹೀಗೆ ತನಗೆ ತಾನೇ ಶಿಕ್ಷೆ ಹಾಕಿಕೊಂಡು ಕೂತಿದ್ದ. ಕರಿಯಮ್ಮ ಸೆರಗು ಬಾಯಿಗಿಟ್ಟುಕೊಂಡು, ಅವತ್ತಿನಿಂದ ಮಗ ಮಲಗಿಯೇ ಇಲ್ಲ, ರೆಪ್ಪೆ ಮುಚ್ಚಿದರೆ ಬೆಚ್ಚಿ ಎದ್ದು ಕೂರುತ್ತಾನೆ, ನಿದ್ದೆ ಅಂದರೇ ಹೆದರುತ್ತಾನೆ ಅಂತ ಅತ್ತಳು.

ಶ್ರೀಕಂಠಯ್ಯನವರು ಟಕಟಕ ಬಂದು ಕಬ್ಬಿಣ ನೋಡಿದವರೇ, ಇದು ಕೋರ್ಟಿಗೆ ನಿಲ್ಲುವುದಿಲ್ಲ ಗಿರಿಜಾ, ವಾಪಸ್ ಕಳಿಸು ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನಾನು ಒಂದು ವಾರ ಕೊಡಿ ಅಂದೆ. ಅವರು ನನ್ನ ಮುಖ ನೋಡಿದರು, ಬಾಗಿಲಲ್ಲಿ ನಿಂತವನ ಮುಖ ನೋಡಿದರು, ಹೂಂ ಅಂತಲೂ ಅನ್ನದೆ ಒಳಗೆ ಹೋದರು. ಅವರು ಒಪ್ಪಿದ್ದಾರೆ ಅಂತ ನನಗೆ ಗೊತ್ತಾಗುವುದು ಹಾಗೇ.

ಆ ವಾರ ಆ ತುಂಡಿನ ಜೊತೆ ನಾನು ಪಟ್ಟ ಪಾಡು ಹೇಳತೀರದು. ಬ್ರಷ್ಷು ಗಟ್ಟಿ ಆದರೆ ಗೆರೆ ಹೋಗುತ್ತವೆ. ಥಿನ್ನರಿನಲ್ಲಿ ಅದ್ದಿ ಇಡುವುದು, ಎಣ್ಣೆ ಬಿಟ್ಟುಕೊಳ್ಳುವ ತನಕ ಕಾಯುವುದು, ಮಕ್ಕಳ ಹಲ್ಲುಜ್ಜುವ ಮೆದು ಬ್ರಷ್ಷಿನಿಂದ ಸವರುವುದು, ಮತ್ತೆ ಅದ್ದುವುದು. ಕುಂಕುಮ ಕೆಂಪಗೆ ಇಳಿಯಿತು, ಅರಿಶಿನ ಹಳದಿಯಾಗಿ ಇಳಿಯಿತು. ಕೊನೆಗೆ ಒಂದು ಬೆಳಿಗ್ಗೆ ತುಂಡನ್ನು ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ.

ಗೆರೆಗಳೆಲ್ಲ ಹಾಗೇ ಇದ್ದವು. ಸೋಮವಾರದ ಎಣ್ಣೆ ಮುಖದ ಸಂದುಸಂದಿಗೂ ಇಳಿದು, ಒಂದು ಚೂರು ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಕರಿಯಮ್ಮ ಉಜ್ಜಿರಲಿಲ್ಲ. ದೇವರ ಮೇಲೆ ನೀರು ಎರೆದ ಹಾಗೆ ಎರೆದಿದ್ದಳು ಅಷ್ಟೇ. ಸ್ಟೇಷನ್ನಿನ ಬಯಲಲ್ಲಿ ಬಿದ್ದ ಅರ್ಧ ಸತ್ತುಹೋಗಿತ್ತು, ಅವಳ ಕಂಬಳಿಯಲ್ಲಿದ್ದ ಅರ್ಧ ಬದುಕಿತ್ತು. ಅವಳಿಗೇನೂ ಇದರ ಶಾಸ್ತ್ರ ಗೊತ್ತಿರಲಿಲ್ಲ. ತಪ್ಪಾಯಿತು ಅಂತ ಕೇಳಿಕೊಳ್ಳುತ್ತಿದ್ದಳು, ಅಷ್ಟೇ. ಆ ಹೊತ್ತು ನನಗೆ ಕಣ್ಣಲ್ಲಿ ನೀರು ಬಂತು ಅಂತ ಬರೆಯಲು ನಾಚಿಕೆಯೇನಿಲ್ಲ.

ಮುಖದ ಮುಕ್ಕಾಲು ಪಾಲು ಕಪ್ಪಗೆ, ನುಣ್ಣಗೆ, ಸಾಲು ಸಾಲು ಗೆರೆ. ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಜಾಗ ಬೂದುಬಣ್ಣಕ್ಕೆ ಒರಟಾಗಿತ್ತು. ಅಂದರೆ ಆರ್ಮು ಬಹಳ ಹಿಂದಿನಿಂದಲೇ ಒಳಗೊಳಗೇ ಬಿರಿಯುತ್ತ ಬಂದಿತ್ತು. ಕಡೆಯ ಆ ಮೂಲೆ ಮಾತ್ರ ಉಳಿದು, ಅವತ್ತು ಅದೂ ಕಿತ್ತಿತ್ತು. ಅಷ್ಟು ಸಣ್ಣ ಮೂಲೆ ಕೀಳಲು ಕಲ್ಲುಕಟ್ಟೆ ಬೇಕಾಗಿಲ್ಲ, ಒಂದು ಸಾಧಾರಣ ತಿರುವು ಸಾಕು. ಗೆರೆಗಳು ಹೊರಟ ಜಾಗದಲ್ಲಿ ಪೇಂಟಿನ ಕೆಳಗೆ ಒಂದು ಹಳೆಯ ವೆಲ್ಡಿಂಗ್ ಚುಕ್ಕೆ ಇತ್ತು. ಆರ್ಮಿನಂಥ ಗಡಸು ಉಕ್ಕಿಗೆ ವೆಲ್ಡಿಂಗ್ ತಾಗಿಸಬಾರದು, ತಾಗಿದ ಕಡೆ ಗಾಜಿನಷ್ಟು ಪೆಡಸಾಗುತ್ತದೆ. ಲಾರಿ ತಿಪ್ಪೇಶನ ಕೈಗೆ ಬರುವ ಮುಂಚೆ ಯಾವುದೋ ಗ್ಯಾರೇಜಿನಲ್ಲಿ ಯಾರೋ ಏನೋ ಅಂಟಿಸಲು ಹೋಗಿದ್ದರು.

ಅದನ್ನು ಖಾತ್ರಿ ಮಾಡಿಕೊಳ್ಳಲು ತುಂಡನ್ನು ಕೊಯ್ಯಬೇಕಾಗಿತ್ತು. ಕೋರ್ಟಿನ ಒಪ್ಪಿಗೆ ವಕೀಲರು ತಂದರು. ಮಗನ ಜೊತೆ ಮತ್ತೆ ಲ್ಯಾಬಿಗೆ ಬಂದ ಕರಿಯಮ್ಮನ ಒಪ್ಪಿಗೆ ನಾನು ಕೇಳಬೇಕಾಯಿತು. ದೇವರ ಮುಂದೆ ಇಟ್ಟಿದ್ದನ್ನು ಗರಗಸಕ್ಕೆ ಕೊಡುವುದು ಅವಳಿಗೆ ಸುಲಭವಾಗಿರಲಿಲ್ಲ. ಕೊನೆಗೆ, ಕೊಯ್ಯೋದಾದರೆ ನನ್ನ ಕಣ್ಣೆದುರಿಗೇ ಕೊಯ್ಯಿ ಅಂದಳು. ಗರಗಸ ಓಡಿದಷ್ಟು ಹೊತ್ತೂ ಕೈ ಮುಗಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ತುಂಡನ್ನು ಕನ್ನಡಿಯಂತೆ ಉಜ್ಜಿ, ಆಸಿಡ್ ಸವರಿ ಮೈಕ್ರೋಸ್ಕೋಪಿನಲ್ಲಿಟ್ಟೆ. ವೆಲ್ಡಿಂಗಿನ ಕೆಳಗೆ ಪೆಡಸಾದ ಪದರ, ಅಲ್ಲಿಂದಲೇ ಬಿರುಕು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಶ್ರೀಕಂಠಯ್ಯನವರೂ ಬಂದು ಕಣ್ಣಿಟ್ಟು ನೋಡಿ, ಸರಿ ಅಂದರು.

ಅವತ್ತು ಮಧ್ಯಾಹ್ನವೇ ತಿಪ್ಪೇಶನನ್ನು ಒಳಗೆ ಕರೆದೆ. ಅವನಿಗೆ ಅರ್ಥವಾಗುವ ಹಾಗೆ ಮುಖವನ್ನು ತೋರಿಸಿ ಎಲ್ಲಾ ಹೇಳಿದೆ, ಕಪ್ಪು ಭಾಗ ಹಳೆಯದು, ಬೂದು ಮೂಲೆ ಅವತ್ತಿನದು, ಇದು ಕಲ್ಲಿಗೆ ಬಡಿದು ಮುರಿದದ್ದಲ್ಲ ಅಂತ. ಅವನು ತಲೆ ಆಡಿಸುತ್ತಿದ್ದ. ಆದರೆ ಕಣ್ಣಲ್ಲಿ ಅದೇ ಪ್ರಶ್ನೆ ನಿಂತಿತ್ತು. ಅದು ಕಬ್ಬಿಣದ ಪ್ರಶ್ನೆಯಲ್ಲ, ಮನುಷ್ಯನದು. ಮನುಷ್ಯರ ಬಗ್ಗೆ ಒಂದಕ್ಷರ ಬೇಡ ಅನ್ನುವ ಕಾನೂನು ಮಾಡಿದವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ.

"ಈ ಆರ್ಮು ಕಿತ್ತ ಗಳಿಗೆಯಲ್ಲಿ ಸ್ಟೇರಿಂಗು ಹಿಡಿದವನಿಗೆ ಏನಾಗ್ತೈತೆ ಗೊತ್ತಾ ತಿಪ್ಪೇಶ? ಕೈಗೆ ಭಾರ ಇರಲ್ಲ. ಬುಗುರಿ ಹಂಗೆ ಸುಮ್ನೆ ತಿರುಗ್ತೈತೆ. ನೀನು ಕಂಡಿದ್ದು ಕನಸಲ್ಲಪ್ಪ. ನೀನು ಎಚ್ಚರ ಇದ್ದೆ. ಕುರಿ ಉಳಿಸಾಕೆ ನೀನು ತಿರುಗಿಸಿದೀಯ, ಗಾಲಿ ತಿರುಗಲಿಲ್ಲ."

ಅವನು ತನ್ನ ಎರಡು ಕೈಯನ್ನೂ ಮುಂದೆ ಚಾಚಿ, ಇಲ್ಲದ ಸ್ಟೇರಿಂಗನ್ನು ಹಿಡಿದು, ಒಮ್ಮೆ ಬಲಕ್ಕೆ ತಿರುಗಿಸಿ ನೋಡಿಕೊಂಡ. ಆಮೇಲೆ ಮೆಲ್ಲಗೆ ಹೊರಗೆ ಹೋದ. ಶ್ರೀಕಂಠಯ್ಯನವರು ಬೈಯುತ್ತಾರೆ ಅಂತ ಕಾದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಇದನ್ನೆಲ್ಲ ವರದಿಯಲ್ಲಿ ಬರೆಯಬೇಡ ಅಂದರು, ಅಷ್ಟೇ.

ಬರೆಯಲಿಲ್ಲ. ಕಬ್ಬಿಣದ್ದನ್ನು ಮಾತ್ರ ಬರೆದೆ. ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದೆ. ಆ ತುಂಡು ಮನೆಯಲ್ಲಿತ್ತು, ನಂಬುವುದು ಹೇಗೆ ಅಂತ ಎದುರು ವಕೀಲರು ಕೇಳಿದರು. ತುಕ್ಕು ಹಿಡಿದ ಅರ್ಧದ ಅಂಚಿಗೂ ಇದರ ಅಂಚಿಗೂ ಮೇಣದ ಅಚ್ಚು ತೆಗೆದು, ಅಚ್ಚುಗಳನ್ನಷ್ಟೇ ಜೋಡಿಸಿ ತೋರಿಸಿದೆ. ಮುರಿದ ಮುಖಗಳನ್ನು ಅವತ್ತೂ ಜೋಡಿಸಲಿಲ್ಲ. ಅವನು ಬಿಡುಗಡೆಯಾದ. ಕಾಲು ಮುರಿದಿದ್ದ ಮುದುಕನೇ ಕೋಲೂರಿಕೊಂಡು ಅವನ ಮನೆಗೆ ಹೋಗಿ ಊಟ ಮಾಡಿ ಬಂದನಂತೆ. ಇದೆಲ್ಲ ಆಮೇಲೆ ಆದದ್ದು. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡದು ಯಾವುದು ಅಂತ ಕೇಳಿದರೆ ನಾನು ಹೇಳುವುದು ಕೋರ್ಟಿನ ವಿಷಯವಲ್ಲ, ಆ ಮಧ್ಯಾಹ್ನದ್ದು.

ಅವತ್ತು ತಿಪ್ಪೇಶ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ನಾನೂ ಹೊರಗೆ ಬಂದೆ. ಕಾರಿಡಾರಿನಲ್ಲಿ ಬಂದವರು ಕೂರಲು ಒಂದು ಮರದ ಬೆಂಚಿತ್ತು. ತಿಪ್ಪೇಶ ಅದರ ಮೇಲೆ ಕಾಲು ಮಡಚಿಕೊಂಡು, ಮಗುವಿನ ಹಾಗೆ ಮಗ್ಗುಲಾಗಿ, ಗೊರಕೆ ಹೊಡೆಯುತ್ತ ಮಲಗಿದ್ದ. ಕಬ್ಬಿಣ ಸುತ್ತಿ ತಂದಿದ್ದ ಕಂಬಳಿಯನ್ನೇ ಕರಿಯಮ್ಮ ಮಡಿಸಿ ಅವನ ತಲೆಯ ಕೆಳಗೆ ಇಟ್ಟಿದ್ದಳು. ಅವಳು ನೆಲದ ಮೇಲೆ, ಅವನ ಪಕ್ಕದಲ್ಲಿ, ಯಾರೂ ಹತ್ತಿರ ಬರದ ಹಾಗೆ ಕಾಲು ಚಾಚಿ ಕೂತಿದ್ದಳು.

"ಎಬ್ಬಿಸಬ್ಯಾಡ್ರವ್ವ" ಅಂದಳು, ನಾನು ಬಾಯಿ ತೆರೆಯುವ ಮೊದಲೇ.

ಒಳಗಿನಿಂದ ಟಕಟಕ ಸದ್ದು ಬರುತ್ತಿತ್ತು. ಬಾಗಿಲ ಹತ್ತಿರ ಬಂದು ಅದು ನಿಂತಿತು. ಶ್ರೀಕಂಠಯ್ಯನವರು ಬೆಂಚಿನ ಮೇಲಿದ್ದವನನ್ನು ನೋಡಿದರು. ಬಗ್ಗಿ ಎರಡು ಚಪ್ಪಲಿಯನ್ನೂ ಕೈಗೆ ತೆಗೆದುಕೊಂಡು, ಬರಿಗಾಲಲ್ಲಿ ಅವನನ್ನು ದಾಟಿ ಹೋಗಿ, ಮೈನ್ ಸ್ವಿಚ್ಚು ಆರಿಸಿದರು. ಅವತ್ತು ಸಂಜೆಯ ತನಕ ನಮ್ಮ ಲ್ಯಾಬಿನಲ್ಲಿ ಒಂದು ಮೆಷೀನೂ ಓಡಲಿಲ್ಲ.